ಲೇಬಲ್ ಸಂಶೋಧನೆ: ಹೊಸಬರಿಗೊಂದು ಕೈಪಿಡಿ

ಜಡೆ ಕಡೆಯ ಅನಾನಸ್ ಬೆಳೆಗಾರರೊಬ್ಬರು ಹಣ್ಣಿನ ವೈನ್ ಮಾಡಿ, ಬಾಟಲಿ, ಲೇಬಲ್ಲಿಗಾಗಿ ನಿಮ್ಮ ಹತ್ತಿರ ಬಂದಿದ್ದಾರೆ ಅಂತಿಟ್ಟುಕೊಳ್ಳಿ. ಮೊದಲು ಮುಂಗಡ ತಗೊಳ್ಳಿ. ಆಮೇಲೆ ಯಾವಾಗ ಫೋನ್ ಬಂದರೂ ‘ಸಂಶೋಧನೆ ನಡೀತಿದೆ’ ಅನ್ನಿ. ವೈನಿನ ರುಚಿ ಮಾತ್ರ ನೋಡಬೇಡಿ. ನೋಡಿದರೆ ಅಭಿಪ್ರಾಯ ಹುಟ್ಟುತ್ತದೆ, ಕೆಲಸ ಕೆಡುತ್ತದೆ.

ಬಾಟಲಿಗೆ ಬೋರ್ಡೋ ಆಕಾರವನ್ನೇ ಹಿಡಿಯಿರಿ. ಅದರ ಎತ್ತಿದ ಭುಜ ಇರುವುದು ಹಳೆಯ ಕೆಂಪು ವೈನಿನ ಗಷ್ಟು ಲೋಟಕ್ಕಿಳಿಯದಂತೆ ತಡೆಯಲು. ಸೋಸಿದ ಅನಾನಸ್ ವೈನಿನಲ್ಲಿ ಗಷ್ಟೇ ಇಲ್ಲವೆಂದರೆ ಅದು ಹಣ್ಣಿನ ತಪ್ಪು. ಗಾಜು ಕಡುಹಸಿರಿರಲಿ. ಒಳಗಿನ ಹೊಂಬಣ್ಣ ಕಂಡರೆ ಜನ ನಿಮ್ಮ ಲೇಬಲ್ ಓದದೆಯೇ ಕೊಂಡಾರು. ತಳದ ಗುಳಿಯಲ್ಲಿ ಹೆಬ್ಬೆರಳು ಪೂರ್ತಿ ಇಳಿಯಬೇಕು. ಎಷ್ಟೇ ದಪ್ಪ ಗಾಜಾದರೂ ಹಿಡಿಯುವುದು 750 ಮಿ.ಲೀ.; ಆದರೆ ಭಾರ ಎತ್ತಿದವನು ಬೆಲೆಗೆ ಚೌಕಾಸಿ ಮಾಡುವುದಿಲ್ಲ.

ಇನ್ನು ಚಿತ್ರ. ಫ್ರಾನ್ಸಿನ ಮೂತೋ ರಾತ್‌ಶಿಲ್ಡ್ 1945ರಿಂದ ವರ್ಷಕ್ಕೊಬ್ಬ ಕಲಾವಿದನ ಚಿತ್ರ ಹಾಕುತ್ತಿದೆ, 1973ರ ಲೇಬಲ್ಲಿಗೆ ಪಿಕಾಸೊ ಚಿತ್ರವಿದೆ ಎಂದು ಗಿರಾಕಿಗೆ ವಿಸ್ತಾರವಾಗಿ ಹೇಳಿ. ಆ ಕಲಾವಿದರ ಸಂಭಾವನೆ ವೈನ್ ಪೆಟ್ಟಿಗೆ ಎಂಬುದನ್ನು ಬಾಯಿ ಬಿಡಬೇಡಿ.

‘ನಮ್ಮೂರಿನದು ಏನಾದರೂ ಇರಲಿ’ ಅಂದರೆ ಸೊರಬ, ಸಾಗರದ ದೀವರ ಕೇರಿಗೆ ಹೊರಡಿ. ಭೂಮಿ ಹುಣ್ಣಿಮೆಯ ಹೊತ್ತಿಗೆ ಹೋಗುವುದು ಉತ್ತಮ. ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚವನ್ನು ಅಕ್ಕಿಯ ಬಿಳಿಯಲ್ಲಿ ಅದ್ದಿ ಚಿತ್ತಾರದ ಗೆರೆ ಎಳೆಯುತ್ತಿರುತ್ತಾರೆ. ಪಕ್ಕದಲ್ಲಿ ಕೂತು ಫೋಟೊ ತೆಗೆಯಿರಿ. ಚಾ ಕೊಟ್ಟರೆ ಕುಡಿಯಿರಿ. ‘ಎಷ್ಟು ಚೆಂದ ಅಕ್ಕಾ!’ ಅನ್ನಿ. ಹೆಸರು ಮಾತ್ರ ಕೇಳಬೇಡಿ. ಹೆಸರು ಗೊತ್ತಾದವರಿಗೆ ದುಡ್ಡು ಕೊಡಬೇಕಾಗುತ್ತದೆ. ವಾಪಸ್ ಬಂದು ಆ ಗೆರೆಗಳನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿ, ಕೆಳಗೆ ನಿಮ್ಮ ಸಹಿ ಹಾಕಿ. ವರದಿಗೆ ‘ಜನಪದ ಸ್ಫೂರ್ತಿ’ ಎಂಬ ಎರಡು ಪದ ಸಾಕು, ಮೂರನೆಯದು ಅನುಮಾನಕ್ಕೆ ಎಡೆ.

ಕಾಗದ ಕೈಯಲ್ಲಿ ಮಾಡಿದ್ದೇ ಆಗಲಿ. ಈ ವೈನ್ ತಣ್ಣಗೆ ಕುಡಿಯುವಂಥದ್ದು. ಫ್ರಿಜ್ಜಿನಿಂದ ತೆಗೆದೊಡನೆ ಬಾಟಲಿ ಬೆವರುತ್ತದೆ, ಲೇಬಲ್ ಸುಕ್ಕುಗಟ್ಟಿ ಮೆಲ್ಲಗೆ ಜಾರುತ್ತದೆ. ನೀರಿಗೆ ತಡೆಯುವ ಕಾಗದ ಸಿಗುತ್ತದೆ ಎಂದು ಪ್ರೆಸ್ಸಿನವನು ಹೇಳಿದರೆ ‘ಅದರಲ್ಲಿ ಮಣ್ಣಿನ ವಾಸನೆ ಇಲ್ಲ’ ಎಂದು ಬಾಯಿ ಮುಚ್ಚಿಸಿ.

ಆರೋಗ್ಯದ ಎಚ್ಚರಿಕೆಗೆ 3 ಮಿ.ಮೀ. ಅಕ್ಷರ ಬೇಕೆಂಬ ನಿಯಮ ಕೊನೆಯ ದಿನ ನೆನಪಾಗಲಿ. ಜಾಗ ಸಾಲದಿದ್ದರೆ ‘ಅನಾನಸ್’ ಎಂಬುದನ್ನು ತೆಗೆದುಹಾಕಿ. ಅಬಕಾರಿಯವರು ಲೇಬಲ್ ಒಪ್ಪದೆ ವಾಪಸ್ ಕಳಿಸುವಷ್ಟರಲ್ಲಿ ಬಾಕಿ ವಸೂಲಾಗಿರಬೇಕು. ತಿದ್ದುಪಡಿಯ ಕೊಟೇಶನ್ ಇವತ್ತೇ ಟೈಪ್ ಮಾಡಿಟ್ಟುಕೊಳ್ಳಿ, ತಾರೀಕಿನ ಜಾಗ ಖಾಲಿ ಬಿಟ್ಟು.