ಲೋಗೋ ಅಧ್ಯಕ್ಷರು

ಹಾಸನ ಸೀಮೆ ಕಬಡ್ಡಿಗೆ ನಿದ್ದೆಗೆಡುತ್ತದೆ, ವಾಲಿಬಾಲ್‌ಗೆ ಹೊಲದ ಕೆಲಸ ನಾಳೆಗೆ ಹಾಕುತ್ತದೆ, ಕ್ರಿಕೆಟ್ ಅಂದರೆ ‘ಜಾವಗಲ್ ಶ್ರೀನಾಥ್ ನಮ್ಮೋರು ಕಣ್ರೀ’ ಎಂದು ಎದೆ ಮುಂದೆ ಮಾಡುತ್ತದೆ. ಇಂಥ ಕಡೆ ಫುಟ್‌ಬಾಲ್ ಕ್ಲಬ್ ಕಟ್ಟಿಕೊಂಡು ಏಗುವವನಿಗೆ ಒಂದೋ ಆಟದ ಹುಚ್ಚಿರಬೇಕು, ಇಲ್ಲವೇ ಅಧ್ಯಕ್ಷಗಿರಿಯ ಹುಚ್ಚಿರಬೇಕು. ನಮ್ಮ ಅಧ್ಯಕ್ಷರದು ಬೇರೆಯೇ ಕೇಸು. ಅವರಿಗೆ ಲೋಗೋ ಬದಲಾಯಿಸಬೇಕು.

ಅಧ್ಯಕ್ಷರು ಎಂದರೆ ಯಾರಪ್ಪ ಎಂದು ತಲೆ ಕೆರೆದುಕೊಳ್ಳಬೇಡಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿ ಬಸ್ಸಿಳಿದರೂ ಸ್ಟ್ಯಾಂಡಿನ ಎದುರಿನ ಬೇಕರಿಯಲ್ಲಿ ಸಿಗುತ್ತಾರೆ. ಐವತ್ತರ ಆಸುಪಾಸು, ಇಸ್ತ್ರಿ ಕೆಡದ ಬಿಳಿ ಅಂಗಿ, ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಒಂದು ಹಾಳೆ. ಬೈಟೂ ಕಾಫಿ ಬಂದ ಮೇಲೆ ಹಾಳೆ ಹೊರಬರುತ್ತದೆ. ಬಿಚ್ಚುವ ಮುಂಚೆ ಒಮ್ಮೆ ಅಕ್ಕಪಕ್ಕ ನೋಡುತ್ತಾರೆ, ಯಾರಾದರೂ ಐಡಿಯಾ ಹೊಡೆದುಬಿಟ್ಟಾರು ಎಂದು. ಆಮೇಲೆ, ‘ಎಂಗೈತೆ?’

ಚೆನ್ನಾಗಿದೆ ಎಂದರೆ ಕೆಟ್ಟಿರಿ, ಇನ್ನೊಂದು ಹಾಳೆ ಇದೆ. ಚೆನ್ನಾಗಿಲ್ಲ ಎಂದರೂ ಕೆಟ್ಟಿರಿ, ಇನ್ನೊಂದು ಕಾಫಿ ಇದೆ.

ಕಸುಬಿಗೆ ಅವರದು ಬೋರ್‌ವೆಲ್ ಮೋಟಾರ್ ಪಂಪಿನ ಅಂಗಡಿ. ಸಾವಿರ ಅಡಿ ಆಳದಿಂದ ನೀರೆತ್ತುವ ಪಂಪು ಅವರಲ್ಲಿ ಸಿಗುತ್ತದೆ, ಚೆಂಡಿಗೆ ಗಾಳಿ ಹಾಕುವ ಪಿನ್ನು ಸಿಗುವುದಿಲ್ಲ. ಕ್ಲಬ್ಬಿಗಿದ್ದ ಒಂದೇ ಪಿನ್ನು ಯಾವ ಕಾಲದಲ್ಲೋ ಕಳೆದಿದೆ. ಹುಡುಗರು ಪಕ್ಕದ ಜಿಮ್ಮಿನಿಂದ ಕಡ ತಂದು, ಎಂಜಲು ಹಚ್ಚಿ, ಅರ್ಧ ಒಳಗೆ ತೂರಿಸಿ, ಸೈಕಲ್ ಶಾಪಿನವನ ಮುಂದೆ ಕೂರುತ್ತಾರೆ. ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್ ಇರಬೇಕೆಂಬುದು ಆಟದ ನಿಯಮ. ನಮ್ಮ ಚೆಂಡು ಟಾಸ್ ಹಾಕುವ ಹೊತ್ತಿಗೆ ನಿಯಮ ಪಾಲಿಸುತ್ತದೆ. ಅರ್ಧ ಗಂಟೆ ಕಳೆಯಿತೋ, ಹಾಸನದ ಆಲೂಗಡ್ಡೆಯಂತೆ ಒಂದೊಂದು ಕಡೆ ಒಂದೊಂದು ಆಕಾರ. ಸೋತು ಬಂದ ಹುಡುಗರು ಪಿನ್ನಿನ ಮಾತೆತ್ತಿದರೆ ಅಧ್ಯಕ್ಷರು ನಿಟ್ಟುಸಿರು ಬಿಟ್ಟು, ‘ನಾನು ಅವತ್ತೇ ಹೇಳ್ದೆ, ಈ ಲೋಗೋದಲ್ಲಿ ಜೋಶ್ ಇಲ್ಲ’ ಎನ್ನುತ್ತಾರೆ.

ಇದಕ್ಕೆ ಅವರ ಬಳಿ ಪುರಾವೆ ಇದೆ. 2024ರ ಮಾರ್ಚ್ 19ರಂದು ಆರ್‌ಸಿಬಿಯವರು ಬ್ಯಾಂಗಲೋರನ್ನು ಬೆಂಗಳೂರು ಮಾಡಿ ಹೊಸ ಲೋಗೋ ತೋರಿಸಿದರು. ಹದಿನೇಳು ಸೀಸನ್ ಕೈಗೆ ಸಿಗದ ಕಪ್ಪು 2025ರಲ್ಲಿ ಬಂತು. ‘ಲೆಕ್ಕ ಸರಿಹೋಯ್ತಾ?’ ಎಂದು ಅಧ್ಯಕ್ಷರು ಮೇಜು ಕುಟ್ಟುತ್ತಾರೆ. ಗೋಲಿ ಹುಡುಗ ಮೆಲ್ಲಗೆ, ‘ಅಣ್ಣ, ಹುಡುಗೀರ ಟೀಮು ಹೊಸ ಲೋಗೋ ಬರೋಕೆ ಎರಡು ದಿನ ಮುಂಚೆ, ಹಳೇ ಲೋಗೋದಲ್ಲೇ ಕಪ್ ಗೆದ್ದಿತ್ತಲ್ಲ’ ಎಂದ. ಅವನು ಮುಂದಿನ ಮ್ಯಾಚಿಗೆ ರಿಸರ್ವ್.

ಕಾಲ್ಚೆಂಡಿನ ಲೋಕದ ಲಾಂಛನ ಪುರಾಣವೂ ಅವರಿಗೆ ಬಾಯಿಪಾಠ. ಇಟಲಿಯ ಯುವೆಂಟಸ್ 2017ರಲ್ಲಿ ಇದ್ದಬದ್ದದ್ದನ್ನೆಲ್ಲ ಕಿತ್ತು ಒಂದು ಇಂಗ್ಲಿಷ್ ‘ಜೆ’ ಅಕ್ಷರ ಮಾತ್ರ ಉಳಿಸಿಕೊಂಡದ್ದು, ಕಾರ್ಡಿಫ್ ಸಿಟಿಯ ಮಾಲೀಕ 2012ರಲ್ಲಿ ನೀಲಿ ಅಂಗಿಯನ್ನು ಕೆಂಪು ಮಾಡಿಸಿ, ಜನರ ಶಾಪಕ್ಕೆ ಹೆದರಿ 2015ರಲ್ಲಿ ಮತ್ತೆ ನೀಲಿಗೆ ಬಂದದ್ದು, ಎಲ್ಲ ಹೇಳುತ್ತಾರೆ. ಆದರೆ ಲೀಡ್ಸ್ ಯುನೈಟೆಡ್ ಕಥೆಗೆ ಬಂದಾಗ ಮಾತ್ರ ದನಿ ತೇವವಾಗುತ್ತದೆ. 2018ರ ಜನವರಿಯಲ್ಲಿ ಆ ಕ್ಲಬ್ಬು, ಎದೆಯ ಮೇಲೆ ಮುಷ್ಟಿಯಿಟ್ಟುಕೊಂಡ ಮನುಷ್ಯನ ಹೊಸ ಲಾಂಛನ ತಂದಿತು. ಎದೆಯುರಿ ಔಷಧದ ಜಾಹೀರಾತಿನ ಹಾಗಿದೆ ಎಂದು ಊರೆಲ್ಲ ನಕ್ಕಿತು. ವಿರೋಧದ ಮನವಿಗೆ ಒಂದು ದಿನದೊಳಗೆ 50 ಸಾವಿರಕ್ಕೂ ಹೆಚ್ಚು ಸಹಿ ಬಿದ್ದು ಕ್ಲಬ್ಬು ಹಿಂದೆ ಸರಿಯಿತು. ಬೇರೆಯವರಿಗೆ ಇದು ಎಚ್ಚರಿಕೆಯ ಕಥೆ. ನಮ್ಮವರಿಗೆ ಆಸೆಯ ಕಥೆ. ‘ಐವತ್ತು ಸಾವಿರ ಜನ ಬೈದವ್ರೆ ಕಣಯ್ಯ! ನಮ್ಮ ಲೋಗೋ ಬದಲಾಗಿದ್ದು ನಮ್ಮ ಸೆಕ್ರೆಟರಿಗೇ ಗೊತ್ತಾಗ್ಲಿಲ್ಲ.’

ಗೊತ್ತಾಗದಿದ್ದದ್ದು ನಿಜ. ಸೆಕ್ರೆಟರಿ ಇವತ್ತಿಗೂ ಹಿಂದಿನದರ ಹಿಂದಿನ ಲೋಗೋ ಇರುವ ಲೆಟರ್‌ಹೆಡ್ಡಿನಲ್ಲಿ ಮೈದಾನ ಕೇಳಿ ಅರ್ಜಿ ಬರೆಯುತ್ತಾನೆ, ಮೈದಾನವೂ ಸಿಗುತ್ತದೆ.

ಈ ಸಲದ ಬದಲಾವಣೆಗೆ ನಾಲ್ಕೂ ತಾಲ್ಲೂಕಿನವರು ಸೇರಬೇಕೆಂದು ಸಭೆ ಕರೆದರು. ಗಂಡಭೇರುಂಡ ಬೇಡ ಎಂಬ ಬಗ್ಗೆ ಭಿನ್ನಾಭಿಪ್ರಾಯ ಇರಲಿಲ್ಲ: ಅದು ಮೈಸೂರಿನ ಅರಸರದ್ದು, ಈಗ ಸರ್ಕಾರದ್ದು, ಹಾಕಿಕೊಂಡರೆ ಯಾವುದೋ ಇಲಾಖೆಯ ಟೀಮು ಅಂದುಕೊಳ್ಳುತ್ತಾರೆ. ಅಂದಮೇಲೆ ಹೊಯ್ಸಳರ ಸಳ. ಬೇಲೂರಿನ ಬಾಗಿಲಲ್ಲೇ ಮೃಗದ ಮೇಲೆ ಎಗರಿ ನಿಂತಿದ್ದಾನೆ, ದೊಡ್ಡಗದ್ದವಳ್ಳಿಯಲ್ಲಿ ಗೋಪುರದ ಮುಂದೆ ನಿಂತಿದ್ದಾನೆ. ಒಂಬೈನೂರು ವರ್ಷದಿಂದ ಒಂದೇ ಲೋಗೋ ಇಟ್ಟುಕೊಂಡ ಮನೆತನ ಅದು. (ಈ ಮಾತನ್ನು ಅಧ್ಯಕ್ಷರೇ ಆಡಿದರು, ಯಾರೂ ನಗಲಿಲ್ಲ, ಅವರಿಗೂ ಹೊಳೆಯಲಿಲ್ಲ.) ಆಕ್ಷೇಪ ಎತ್ತಿದವರಿಗೆ, ‘2023ರಲ್ಲಿ ಯುನೆಸ್ಕೋದವ್ರೇ ಬೇಲೂರು, ಹಳೇಬೀಡು ಒಪ್ಪವ್ರೆ, ನೀನ್ಯಾವನಯ್ಯ ಒಪ್ಪದೋನು?’

ಸಳನೇನೋ ಪಾಸಾದ. ಮೃಗ ತಗಲಿಕೊಂಡಿತು. ಕಥೆಯಲ್ಲಿ ಹುಲಿ, ಕಲ್ಲಿನಲ್ಲಿ ಜೂಲು ಬಿಟ್ಟುಕೊಂಡ ಸಿಂಹ. ಹುಲಿ ಚೋಳರ ಲಾಂಛನವಾಗಿತ್ತು, ವಿಷ್ಣುವರ್ಧನ 1116ರ ಸುಮಾರಿಗೆ ತಲಕಾಡಿನಲ್ಲಿ ಅವರನ್ನು ಸೋಲಿಸಿದ ನೆನಪಿಗೇ ಇದು ಬಂತು ಎನ್ನುವ ವಿದ್ವಾಂಸರೂ ಇದ್ದಾರೆ ಎಂದು ಹಿಸ್ಟರಿ ಮೇಷ್ಟರೊಬ್ಬರು ವಿವರಿಸಿದರು. ಹೊಳೆನರಸೀಪುರದವರು ಎದ್ದು ನಿಂತರು: ‘ನಮ್ಮ ದೇವ್ರೇ ನರಸಿಂಹ. ಸಿಂಹಕ್ಕೆ ಕತ್ತಿ ಚುಚ್ಚೋ ಚಿತ್ರ ನಮ್ಮ ಹುಡುಗರ ಎದೆ ಮೇಲಾ?’ ಹೊಳೆನರಸೀಪುರದ ಮಾತಿಗೆ ಈ ಜಿಲ್ಲೆಯಲ್ಲಿ ತೂಕ ಜಾಸ್ತಿ. ದೇಶಕ್ಕೊಬ್ಬ ಪ್ರಧಾನಿ ಕೊಟ್ಟ ತಾಲ್ಲೂಕು. ಕತ್ತಿ ತೆಗೆದರು. ಸಳ ಬರಿಗೈಯಲ್ಲಿ ಮೃಗದ ಕತ್ತು ಹಿಡಿದುಕೊಂಡು ನಿಂತ. ಅದಕ್ಕೆ ಜೂಲು ಇರಬಾರದು, ಪಟ್ಟೆಯೂ ಇರಬಾರದು ಎಂದು ರಾಜಿಯಾಯಿತು.

ಅರಕಲಗೂಡಿನವರು ತಂಬಾಕಿನ ಎಲೆ ಕೇಳಿದರು. ರಾಮನಾಥಪುರದಲ್ಲಿ ಹರಾಜು ಮಾರುಕಟ್ಟೆಯೇ ಇರುವಾಗ ಕೇಳುವುದರಲ್ಲಿ ತಪ್ಪೇನಿಲ್ಲ. ಆಟಗಾರರ ಎದೆಯ ಮೇಲೆ ತಂಬಾಕು ಹೇಗಪ್ಪ ಎಂದು ಒಬ್ಬರು ಅನುಮಾನಿಸಿದರೆ, ಮೆಡಿಕಲ್ ಸ್ಟೋರಿನವರು, ‘ಎಲೆ ಹಾಕಿದ್ರೆ ಲೋಗೋದ 85 ಭಾಗ ಎಚ್ಚರಿಕೆ ಚಿತ್ರ ಹಾಕ್ಬೇಕಾಯ್ತದೆ, ಸಿಗರೇಟು ಪ್ಯಾಕಿಗೆ ಇರೋ ಹಂಗೆ’ ಎಂದು ಮುಗಿಸಿದರು. ಚನ್ನರಾಯಪಟ್ಟಣದವರು ದೊಡ್ಡ ಮನಸ್ಸಿನವರು. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನನ್ನು ಅರ್ಧ ಅಂಗುಲಕ್ಕೆ ಇಳಿಸುವ ಪಾಪ ನಮಗೆ ಬೇಡ ಎಂದು ತಾವಾಗಿಯೇ ಹಿಂದೆ ಸರಿದು, ಒಂದು ತೆಂಗಿನ ಮರಕ್ಕೆ ತೃಪ್ತರಾದರು. ಹಾಸನದವರು ಆಲೂಗಡ್ಡೆ ಕೈಬಿಟ್ಟು ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದ ಆಂಟೆನಾ ಹಿಡಿದರು. 1982ರಿಂದ ದೇಶದ ಉಪಗ್ರಹಗಳನ್ನು ಅಂಕೆಯಲ್ಲಿಟ್ಟ ಊರು ನಮ್ಮದು ಎಂದರು. ಹನ್ನೊಂದು ಜನ ಆಟಗಾರರನ್ನು ಅಂಕೆಯಲ್ಲಿಡಲು ಅದು ನೆರವಾದೀತು ಎಂದು ಒಪ್ಪಿಗೆ ಸಿಕ್ಕಿತು. ಕೆಳಗೆ ಹೇಮಾವತಿಯ ಮೂರು ಅಲೆ.

ಆಮೇಲೆ ರಾಜಕೀಯ ಒಳನುಗ್ಗಿತು, ಅದು ನುಗ್ಗದೆ ನಮ್ಮಲ್ಲಿ ನಾಮಕರಣವೂ ಆಗುವುದಿಲ್ಲ. ಗೋಲಿಯ ಚಾಚಿದ ಅಂಗೈ ಹಾಕೋಣ ಎಂದನೊಬ್ಬ. ಅರ್ಧ ಸಭೆ ಕೆಮ್ಮಿತು. ಹಾಗಾದರೆ ಚೆಂಡಿನ ಸುತ್ತ ಕಮಲದ ದಳ ಎಂದ ಇನ್ನೊಬ್ಬ. ಉಳಿದರ್ಧ ಕೆಮ್ಮಿತು. ರೈತರ ಜಿಲ್ಲೆ, ತೆನೆ ಹೊತ್ತ ಹೆಣ್ಣುಮಗಳಿರಲಿ ಎಂದು ಮೂಲೆಯಿಂದ ಬಂದ ಸಲಹೆಗೆ ಮಾತ್ರ ಯಾರೂ ಕೆಮ್ಮಲಿಲ್ಲ, ಎಲ್ಲರೂ ಬಾಗಿಲ ಕಡೆ ನೋಡಿದರು. ನೀತಿ ಸಂಹಿತೆ ಬಂದಾಗ ಜೆರ್ಸಿಗೆಲ್ಲ ಬಟ್ಟೆ ಕಟ್ಟಬೇಕಾದೀತು ಎಂದು ಅಧ್ಯಕ್ಷರೇ ಮೂರನ್ನೂ ಹೊಡೆದುಹಾಕಿದರು. ಅವರ ನಾಯಕತ್ವಕ್ಕೆ ಸಾಟಿಯಿಲ್ಲ ಎಂದು ನನಗೆ ನಿಜವಾಗಿ ಅನಿಸಿದ್ದು ಆವಾಗಲೇ. ಇದರ ಅರ್ಧದಷ್ಟು ಚಾತುರ್ಯ ನಮ್ಮ ಮಿಡ್‌ಫೀಲ್ಡಿನಲ್ಲಿ ಇದ್ದಿದ್ದರೆ!

ಫ್ಲೆಕ್ಸ್ ಅಂಗಡಿಯ ಹುಡುಗ ಕೋರೆಲ್‌ಡ್ರಾ ತೆರೆದು ಕೂತ. ಈ ಹುಡುಗರ ತಾಳ್ಮೆಗೆ ಯಾರಾದರೂ ಸನ್ಮಾನ ಮಾಡಬೇಕು. ಅಧ್ಯಕ್ಷರು ಅವನ ಹೆಗಲ ಮೇಲೆ ಗಲ್ಲವಿಟ್ಟಷ್ಟು ಹತ್ತಿರ ನಿಂತು, ‘ಒಸಿ ಎಡಕ್ಕೆ. ಇನ್ನೊಸಿ. ಸಾಕ್ ಸಾಕ್, ವಾಪಸ್ ಬಾ’ ಎಂದು ರಾತ್ರಿ ಹತ್ತರವರೆಗೆ ಲಾರಿ ರಿವರ್ಸ್ ತೆಗೆಸಿದರು. ಸಳನಿಗೆ ಮೀಸೆ ಬಂತು, ಮೃಗಕ್ಕೆ ಬಾಲ ಉದ್ದವಾಯಿತು, ತೆಂಗಿನ ಮರ ಆಂಟೆನಾದ ಹಿಂದೆ ಸರಿಯಿತು. ಚಿನ್ನದ ಬಣ್ಣ ಮಿಂಚುತ್ತಿಲ್ಲ ಎಂಬ ದೂರಿಗೆ ಹುಡುಗ, ಅದು ಪ್ರಿಂಟಿನಲ್ಲಿ ಸಾಸಿವೆ ಬಣ್ಣವೇ ಬರೋದು ಸಾರ್ ಎಂದು ಸತ್ಯ ನುಡಿದ. ಶಟರ್ ಎಳೆಯುವ ಮುಂಚೆ ಅವನೇ ಕೇಳಿದ: ‘ಸಾರ್, ಇದು ಫುಟ್‌ಬಾಲ್ ಕ್ಲಬ್ ಅಲ್ವಾ? ಬಾಲ್ ಎಲ್ಲಿ ಹಾಕ್ಲಿ?’

ಜಾಗವಿರಲಿಲ್ಲ. ಕಡೆಗೆ ಸಳನ ಮೊಣಕೈಯ ಹತ್ತಿರ ಒಂದು ಚುಕ್ಕೆ ಇಟ್ಟರು.

ಕಂಪ್ಯೂಟರಿನ ಮೇಲೆ ಆಳೆತ್ತರ ಕಂಡದ್ದು ಜೆರ್ಸಿಯ ಎದೆಗೆ ಎರಡೂವರೆ ಅಂಗುಲವಾಗಿ ಇಳಿಯಿತು. ಮೊದಲ ಪಂದ್ಯಕ್ಕೆ ಅಧ್ಯಕ್ಷರು ಕುರ್ಚಿ ಹಾಕಿಸಿಕೊಂಡು ಗೆರೆಯ ಪಕ್ಕದಲ್ಲೇ ಕೂತರು, ಬೆನ್ನಿಗೆ ಗ್ಲೂಕೋಸಿನ ಡಬ್ಬ, ಹೆಚ್ಚಿದ ನಿಂಬೆಹಣ್ಣು, ಬಸ್ ಚಾರ್ಜಿನ ಚಿಲ್ಲರೆ. ಇವೆಲ್ಲ ಅವರದೇ ದುಡ್ಡು, ಯಾವತ್ತೂ ಲೆಕ್ಕ ಕೇಳಿದವರಲ್ಲ. ಹುಡುಗರು ಮೈದಾನಕ್ಕಿಳಿದರು. ಗ್ಯಾಲರಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಅಜ್ಜ ಕಣ್ಣು ಕಿರಿದು ಮಾಡಿ ಪಕ್ಕದವನನ್ನು ಕೇಳಿದ: ‘ಅದ್ಯಾಕ್ಲಾ ಅಂಗಿ ಮೇಲೆ ಎಮ್ಮೆ ಮೈ ತೊಳೀತಾವ್ನೆ?’

ಕತ್ತಿಯಿಲ್ಲ, ಜೂಲಿಲ್ಲ, ಪಟ್ಟೆಯಿಲ್ಲ, ಕೆಳಗೆ ಹೊಳೆಯ ನೀರು ಬೇರೆ. ಅಜ್ಜನ ಕಣ್ಣು ಚೆನ್ನಾಗಿಯೇ ಇತ್ತು. ಮಾತು ಗ್ಯಾಲರಿ ದಾಟಲು ಎರಡು ನಿಮಿಷ ಹಿಡಿಯಲಿಲ್ಲ. ನಾವು 4–0ಯಿಂದ ಹಿಂದಿದ್ದಾಗ ಇಡೀ ಒಂದು ಬದಿ ‘ಎಮ್ಮೆ! ಎಮ್ಮೆ!’ ಎಂದು ಲಯಬದ್ಧವಾಗಿ ಕೂಗುತ್ತಿತ್ತು. ನಾನು ಅಧ್ಯಕ್ಷರ ಮುಖ ನೋಡಲು ಅಂಜಿ ಚೆಂಡಿನ ಕಡೆ ನೋಡಿದೆ, ಅದು ಆಗಲೇ ಮೆತ್ತಗಾಗಿತ್ತು.

ಅವರು ನನ್ನ ತೊಡೆ ಹಿಂಡಿದರು. ಕಣ್ಣು ಫಳಫಳ.

‘ಕೇಳುಸ್ತಾ? ಲೋಗೋ ನೋಡವ್ರೆ ಕಣಯ್ಯ, ಎಲ್ರೂ ನೋಡವ್ರೆ! ಒಂದ್ ಕೆಲಸ ಮಾಡಾಣ, ಮುಂದಿನ ಸಲಕ್ಕೆ ಎಮ್ಮೇನೇ ಹಾಕ್ಬುಡಾಣ. ಡೇರಿಯೋರು ಸ್ಪಾನ್ಸರ್‌ಗೆ ಬತ್ತಾರೆ.’

ಜೇಬಿನಿಂದ ಹಾಳೆ ಹೊರಬಂತು. ಐದನೇ ಗೋಲು ಯಾರು ಹೊಡೆದರೆಂದು ನಮಗಿಬ್ಬರಿಗೂ ಗೊತ್ತಾಗಲಿಲ್ಲ.