ಮದರ್‌ಬೋರ್ಡ್ ಮಾಮ

ನನ್ನ ಹೆಂಡತಿಯ ತಮ್ಮನಿಗೆ ಅವನ ಅಜ್ಜನ ಹೆಸರನ್ನೇ ಇಟ್ಟಿದ್ದಾರೆ. ಆ ಹೆಸರು ಈಗ ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ನೆಂಟರಿಷ್ಟರಿಗೆಲ್ಲ ಅವನು ಮದರ್‌ಬೋರ್ಡ್ ಮಾಮ. ನಾಮಕರಣ ಮಾಡಿದವಳು ನನ್ನ ಮಗಳು, 2017ರ ಯುಗಾದಿಯ ದಿನ. ಆಗ ಅವಳು ಆರನೇ ಕ್ಲಾಸು ಮುಗಿಸುವುದರಲ್ಲಿದ್ದಳು. ಎಎಂಡಿಯವರ ರೈಜನ್ ಪ್ರೊಸೆಸರ್ ಮಾರುಕಟ್ಟೆಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಎಲೆಯ ಮೇಲಿನ ಹೋಳಿಗೆ ಆರಿ ತಣ್ಣಗಾದರೂ ಇವನ ಬಾಯಲ್ಲಿ ಬೋರ್ಡಿನ ಮಾತು ಆರಲಿಲ್ಲ. "ಇನ್ನೊಂದು ಹಾಕಲೇನೋ?" ಎಂದು ಅಕ್ಕ ಕೇಳಿದರೆ, "ಈಗ ಬೇಡ ಅಕ್ಕ, ಜಾಗ ಇರಲಿ" ಅಂದ.

ಅವನು ಕಂಪ್ಯೂಟರ್ ಕೊಳ್ಳುವವನಲ್ಲ, ಕಟ್ಟಿಸುವವನು. "ಒಳ್ಳೇ ಪವರ್‌ಫುಲ್ ಮಿಷನ್ನೊಂದು ಕಟ್ಟಿಸಬೇಕು ಭಾವ" ಎನ್ನುವಾಗ ಅವನ ದನಿ ಆಗತಾನೇ ಸೈಟು ರಿಜಿಸ್ಟರ್ ಮಾಡಿಸಿಕೊಂಡು ಬಂದವನ ದನಿ. ಪ್ರೊಸೆಸರು, ರ್ಯಾಮು, ಗ್ರಾಫಿಕ್ಸ್ ಕಾರ್ಡು ಎಲ್ಲ ಆಮೇಲಿನ ಮಾತು. ಬೋರ್ಡು ಅಂದರೆ ಪಾಯ. ಹಾಗಾಗಿ ಒಂಬತ್ತು ವರ್ಷದಿಂದ ಪಾಯವನ್ನೇ ಆರಿಸುತ್ತಿದ್ದಾನೆ.

ಅಷ್ಟು ಶಕ್ತಿ ಯಾತಕ್ಕೆ ಅಂತ ಕೇಳಬೇಡಿ, ನಾನು ಕೇಳಿ ನೋಡಿದ್ದೇನೆ. ಮೂರು ಅಂಗಡಿಗಳ ಜಿಎಸ್‌ಟಿ ರಿಟರ್ನು, ಒಂದಿಷ್ಟು ಟ್ಯಾಲಿ, ಭಾನುವಾರ ಹಳೆಯ ಚಿತ್ರಗೀತೆ, ಇಷ್ಟೇ ಅವನ ಕಂಪ್ಯೂಟರಿನ ಸಂಸಾರ. ಇದನ್ನೆಲ್ಲ 2011ರ ಒಂದು ಮುದಿ ಯಂತ್ರ ನಡೆಸಿಕೊಂಡು ಬಂದಿದೆ. ಅದರ ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದಿಟ್ಟು ಎಷ್ಟೋ ವರ್ಷವಾಯಿತು. ಬೇಸಿಗೆಯಲ್ಲಿ ಎದುರಿಗೆ ಟೇಬಲ್ ಫ್ಯಾನು ಇಡುತ್ತಾನೆ. ಬೆಳಿಗ್ಗೆ ಬಟನ್ ಒತ್ತಿ ಸ್ನಾನಕ್ಕೆ ಹೋದರೆ ತಿಂಡಿ ಮುಗಿಸಿ ಬರುವ ಹೊತ್ತಿಗೆ ತೆರೆದುಕೊಂಡಿರುತ್ತದೆ. "ಈಗ ಬೇಡ ಭಾವ, ಆದರೆ ನಾಳೆ ಬೇಕಾದರೆ?" ಅನ್ನುತ್ತಾನೆ. ಈ ನಾಳೆಯೊಂದೇ ಅವನ ಗ್ರಾಹಕ.

ಬೋರ್ಡು ಆರಿಸುವುದನ್ನು ಅವನು ಜಾತಕಕ್ಕೆ ಹೋಲಿಸುತ್ತಾನೆ, ಒಂದು ತಿದ್ದುಪಡಿಯೊಂದಿಗೆ. ಮದುವೆಗೆ ಗೋತ್ರ ಬೇರೆ ಬೇರೆ ಇರಬೇಕು, ಇಲ್ಲಿ ಸಾಕೆಟ್ ಒಂದೇ ಇರಬೇಕು. ಒಂದೇ ಇದ್ದರೂ ಕೂಡುತ್ತದೆಂಬ ಭರವಸೆಯಿಲ್ಲ. 2017ರ ಮೊದಲಲ್ಲಿ ಇಂಟೆಲ್‌ನ ಜೆಡ್ 270 ಬೋರ್ಡು ತಂದವರು ಅದೇ ವರ್ಷದ ಕೊನೆಯಲ್ಲಿ ಬಂದ ಎಂಟನೇ ತಲೆಮಾರಿನ ಪ್ರೊಸೆಸರನ್ನು ಅದರಲ್ಲಿ ಕೂರಿಸುವಂತಿರಲಿಲ್ಲ. ಸಾಕೆಟ್ಟಿನ ಹೆಸರು 1151, ಪ್ರೊಸೆಸರಿನದೂ 1151. ಆದರೂ ಆಗದು, ಜೆಡ್ 370 ಬೇಕು. "ನೋಡಿದಿರಾ? ಅದಕ್ಕೇ ನಾನು ಅವಸರ ಪಡೋದಿಲ್ಲ" ಎಂದು ಅವನು ಗೆದ್ದವನಂತೆ ಫೋನು ಮಾಡಿದ್ದ.

ಅವಸರ ಪಡದ ಚರಿತ್ರೆ ದೊಡ್ಡದು. ಆ ಯುಗಾದಿಯಲ್ಲಿ ಎಎಂ 4 ಸಾಕೆಟ್ಟಿನ ಬೋರ್ಡು ಬೇಡ ಅಂದದ್ದು "ಇನ್ನೂ ಹಸಿಕಾಯಿ, ಸ್ವಲ್ಪ ಹಣ್ಣಾಗಲಿ" ಎಂದು. ಅವನ ಮಾತು ಕೇಳದೆ ಎದುರುಮನೆಯ ಹುಡುಗ ಒಂದು ಬಿ 350 ಬೋರ್ಡು ತಂದ. ಆ ಹಸಿಕಾಯಿಯ ಆಯುಸ್ಸು ನೋಡಿ: 2022ರಲ್ಲಿ ಬಯಾಸ್ ಹೊಸದು ಮಾಡಿಕೊಂಡು, ಅದೇ ಬೋರ್ಡಿನ ಮೇಲೆ 5800ಎಕ್ಸ್3ಡಿ ಕೂರಿಸಿ, ಹುಡುಗ ಇವತ್ತಿಗೂ ಆಟ ಆಡುತ್ತಿದ್ದಾನೆ. ಕೆಲಸಕ್ಕೆ ಸೇರಿದ, ಮದುವೆಯಾದ, ಬೋರ್ಡು ಬದಲಾಗಲಿಲ್ಲ. ನಮ್ಮವನು ಅವರ ಮನೆಯ ಮುಂದೆ ಹಾಯುವಾಗ ಗಡಿಯಾರ ನೋಡಿಕೊಳ್ಳುತ್ತಾನೆ.

2021ರಲ್ಲಿ ಮನಸ್ಸು ಮಾಡಿದ. ಆಗ ಗ್ರಾಫಿಕ್ಸ್ ಕಾರ್ಡುಗಳನ್ನೆಲ್ಲ ಕ್ರಿಪ್ಟೊ ಗಣಿಯವರು ಗುಡಿಸಿ ಹಾಕಿದ್ದರು; ಕಾರ್ಡಿಲ್ಲದ ಮೇಲೆ ಬೋರ್ಡು ಯಾಕೆ ಅಂತ ಬಿಟ್ಟ. 2022ರ ಸೆಪ್ಟೆಂಬರಿನಲ್ಲಿ ಎಎಂ 5 ಬಂತು, ಡಿಡಿಆರ್ 5 ದುಬಾರಿ ಅಂತ ಬಿಟ್ಟ. ಇಂಟೆಲ್ ಕಡೆ ವಾಲಿದಾಗ ಅವರ 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರುಗಳು ಕುಸಿಯುತ್ತವೆಂಬ ಸುದ್ದಿ ಹಬ್ಬಿ, 2024ರಲ್ಲಿ ಕಂಪನಿಯೇ ಅದಕ್ಕೆ ತೇಪೆ ಹಾಕಬೇಕಾಯಿತು. ಅದೇ ವರ್ಷ ಎಎಂಡಿಯವರು ಎಎಂ 5 ಸಾಕೆಟ್ಟನ್ನು 2027ರವರೆಗೆ, ಆಮೇಲೂ ನಡೆಸುತ್ತೇವೆ ಎಂದು ಮಾತು ಕೊಟ್ಟರು. ಬೇರೆಯವರಿಗೆ ಇದು ಕೊಳ್ಳಲು ಕಾರಣ. ಇವನು ಬೆರಳು ಮಡಿಚಿ ಎಣಿಸಿ, "2027 ಅಂದರೆ ಇಲ್ಲೇ ಬಂತಲ್ಲ ಭಾವ, ಎಎಂ 6 ನೋಡೋಣ" ಅಂದ. 2025ರ ಕೊನೆಗೆ ಎಐ ಡೇಟಾ ಸೆಂಟರುಗಳ ಹಸಿವಿಗೆ ಸಿಕ್ಕಿ ರ್ಯಾಮಿನ ಬೆಲೆ ಚಿನ್ನದ ಜೊತೆ ಪಂದ್ಯ ಕಟ್ಟಿತು. ಡಿಡಿಆರ್ 5 ದುಬಾರಿ ಅಂತ ಬಿಟ್ಟವನಿಗೆ ದುಬಾರಿ ಅಂದರೆ ಏನೆಂದು ಆಗ ಗೊತ್ತಾಯಿತು.

ಕೊಳ್ಳದವನ ಜ್ಞಾನ ಅರೆಬರೆ ಇರುತ್ತದೆ ಅಂದುಕೊಂಡರೆ ತಪ್ಪು. ಕೊಂಡವನು ಕಲಿಯುವುದನ್ನು ನಿಲ್ಲಿಸುತ್ತಾನೆ. ಕೊಳ್ಳದವನಿಗೆ ಬಿಡುವೇ ಇಲ್ಲ. ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದು ಚಿಲ್ಲರೆ ವೋಲ್ಟಿಗೆ ಇಳಿಸುವ ವಿಆರ್‌ಎಂ ಎಂಬ ಭಾಗವನ್ನು ಅವನು ನನ್ನಂಥವನಿಗೂ ತಿಳಿಯುವ ಹಾಗೆ ಹೇಳಬಲ್ಲ: ಬೀದಿ ಮೂಲೆಯ ಬೆಸ್ಕಾಂ ಟ್ರಾನ್ಸ್‌ಫಾರ್ಮರು. ಡಬ್ಬಿಯ ಮೇಲೆ 170 ವಾಟ್ ಅಂತಿರುವ ದೊಡ್ಡ ರೈಜನ್ 9 ಸಮಯ ಬಂದರೆ 230 ವಾಟ್ ಎಳೆಯುತ್ತದೆ. ಟ್ರಾನ್ಸ್‌ಫಾರ್ಮರು ಸಣ್ಣದಾದರೆ ಬೀದಿಯೆಲ್ಲ ಮಂಕು. ಆದರೆ ಇಷ್ಟಕ್ಕೆ ನಿಲ್ಲುವವನಲ್ಲ. ಮದುವೆ ಮನೆಯಲ್ಲಿ ಎಷ್ಟು ಬಗೆ ಪಲ್ಯ ಅಂತ ಎಣಿಸುವವರ ಹಾಗೆ ಬೋರ್ಡಿನ ವಿಆರ್‌ಎಂ ಫೇಸುಗಳನ್ನು ಎಣಿಸುತ್ತಾನೆ. 14 ಇದ್ದರೆ ತಲೆಯಾಡಿಸುತ್ತಾನೆ, 18 ಇದ್ದರೆ ಕಣ್ಣು ಮುಚ್ಚುತ್ತಾನೆ. ಟ್ಯಾಲಿಗೆ 18 ಫೇಸು!

ಹೆಸರುಗಳ ಗಲಾಟೆ ಬೇರೆ. ಬೋರ್ಡು ಮಾಡುವ ದೊಡ್ಡ ಹೆಸರುಗಳಾದ ಏಸೂಸ್, ಗಿಗಾಬೈಟ್, ಎಂಎಸ್‌ಐ, ಎಎಸ್‌ರಾಕ್ ನಾಲ್ಕೂ ತೈವಾನಿನವು. ಅಲ್ಲಿಂದ ಬರುವ ಬೋರ್ಡುಗಳ ಹೆಸರೋ, ಟೊಮಾಹಾಕ್ ಅಂತೆ, ಮಾರ್ಟರ್ ಅಂತೆ. ಒಂದು ಕೊಡಲಿ, ಇನ್ನೊಂದು ಫಿರಂಗಿ. ಫೋನಿನಲ್ಲಿ ಇವನು "ಟೊಮಾಹಾಕ್ ಸಾಕಾ, ಇನ್ನೂ ಮೇಲಕ್ಕೆ ಹೋಗಬೇಕಾ ಅಂತ ಯೋಚನೆ" ಎನ್ನುವುದನ್ನು ಕೇಳಿಸಿಕೊಂಡ ನನ್ನ ಹೆಂಡತಿ, "ಯಾರ ಜೊತೆ ಜಗಳ ಆಯ್ತಂತೆ ಇವನದು?" ಎಂದು ಗಾಬರಿಯಾಗಿದ್ದಳು.

ನನಗೆ ಅವನು ಅರ್ಥವಾದದ್ದು ಒಂದು ಸಂಜೆ, ರಾಜಾಜಿನಗರದ ಅವರ ಮನೆಯ ತಾರಸಿಯ ಮೇಲೆ. ನನ್ನ ಮಾವನವರು ಆ ಮನೆ ಕಟ್ಟಿಸಿದಾಗ ಮುಂದೆ ಮಹಡಿ ಏರಿಸಬಹುದೆಂದು ಪಿಲ್ಲರುಗಳ ಕಂಬಿಗಳನ್ನು ಹಾಗೇ ಮೇಲಕ್ಕೆ ಬಿಟ್ಟಿದ್ದರು. ಆ ಕಾಲದ ಬೆಂಗಳೂರಿನಲ್ಲಿ ಯಾವ ತಾರಸಿ ಹತ್ತಿದರೂ ಇದೇ ನೋಟ. ಕಟ್ಟಿದ್ದು ಒಂದು ಮನೆ, ಆಕಾಶಕ್ಕೆ ಕೈಚಾಚಿದ್ದು ಇನ್ನೊಂದು. ಮಹಡಿ ಏರಲಿಲ್ಲ. ಕಂಬಿಗೆ ತುಕ್ಕು ಹಿಡಿಯಿತು, ಬಟ್ಟೆ ಒಣಹಾಕುವ ಹಗ್ಗ ಬಿಗಿದರು, ಒಂದು ಕಂಬಿಗೆ ಕೇಬಲ್ಲಿನವನು ತನ್ನ ವೈರು ಸುತ್ತಿ ಹೋದ. ಆದರೂ ಮಾವನವರು ಬಂದವರನ್ನೆಲ್ಲ ಮೇಲೆ ಕರೆದುಕೊಂಡು ಹೋಗಿ ಕಂಬಿ ತೋರಿಸುತ್ತಿದ್ದರು. ಕೆಳಗಿನ ದೇವರಮನೆಯನ್ನು ಅಷ್ಟು ಅಭಿಮಾನದಿಂದ ತೋರಿಸಿದ್ದು ನಾನು ಕಾಣೆ. ಆ ಸಂಜೆ ಮಗ ಅದೇ ಕಂಬಿಗೆ ಒರಗಿಕೊಂಡು, ನಾಲ್ಕು ರ್ಯಾಮ್ ಸ್ಲಾಟು, ನಾಲ್ಕು ಎಂ.2 ಸ್ಲಾಟು, ಎರಡು ದೊಡ್ಡ ಪಿಸಿಐ ಸ್ಲಾಟು ಇರುವ ಒಂದು ಎಕ್ಸ್ 870ಇ ಬೋರ್ಡಿನ ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ತೋರಿಸುತ್ತಿದ್ದ. "ಇದರಲ್ಲಿ ನೀನು ಎಷ್ಟು ತುಂಬಿಸ್ತೀಯ?" ಅಂದೆ. "ಸದ್ಯಕ್ಕೆ ಒಂದೊಂದು" ಅಂದ.

ಈ ವರ್ಷ ನಿಜವಾಗಿ ಒಂದು ಶಕ್ತಿವಂತ ಯಂತ್ರ ಬೇಕಾದದ್ದು ನನ್ನ ಮಗಳಿಗೆ. ಆರ್ಕಿಟೆಕ್ಚರ್ ಮೂರನೇ ವರ್ಷ. ಬ್ಲೆಂಡರಿನಲ್ಲಿ ಒಂದು ಕಟ್ಟಡ ರೆಂಡರ್ ಆಗುವಷ್ಟರಲ್ಲಿ ಅವಳ ಲ್ಯಾಪ್‌ಟಾಪಿನ ಮೇಲೆ ದೋಸೆ ಹುಯ್ಯಬಹುದಿತ್ತು. ವಿಷಯ ತಿಳಿದ ಮರುದಿನವೇ ಮಾಮ ಒಂದು ಫೈಲು ಹಿಡಿದು ಹಾಜರಾದ. ಒಳಗೆ ಒಂಬತ್ತು ವರ್ಷದ ಕೊಟೇಶನ್‌ಗಳು. ಕೆಲವು ಕೊಟೇಶನ್ ಕೊಟ್ಟ ಅಂಗಡಿಗಳು ಈಗಿಲ್ಲ.

ಎಸ್.ಪಿ. ರೋಡಿಗೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ, ಗಾಡಿ ತೆಗೆದುಕೊಂಡು ಹೋಗುವವನು ಮೂರ್ಖ. ಮೆಟ್ರೋದಲ್ಲಿ ಮಾರ್ಕೆಟ್ಟಿಗೆ ಇಳಿದು ನಡೆದೆವು. ಮೆಟ್ಟಿಲು ಹತ್ತಿದೊಡನೆ ಅಂಗಡಿಯವರು "ಬನ್ನಿ ಸಾರ್! ಈ ಸಲನಾದ್ರೂ?" ಅಂದರು. 2017ರಲ್ಲಿ ಇವನಿಗೆ ಚಹಾ ತಂದುಕೊಡುತ್ತಿದ್ದ ಹುಡುಗ ಈಗ ಗ್ರಾಫಿಕ್ಸ್ ಕಾರ್ಡಿನ ಕೌಂಟರು ನೋಡಿಕೊಳ್ಳುತ್ತಾನೆ. ಅವನೇ ಎದ್ದು ಬಂದು ಸ್ಟೂಲು ಹಾಕಿದ.

ಮಗಳು ಕೇಳಿದ್ದು ಮೂರೇ ಪ್ರಶ್ನೆ. "ಈ ಬಿ 850 ಬೋರ್ಡಿಗೆ 12 ಕೋರಿನ 9900ಎಕ್ಸ್ ತಡೆಯುತ್ತಾ?" ತಡೆಯುತ್ತದೆ ಅಂದರು. "64 ಜಿಬಿ ಎರಡೇ ಸ್ಟಿಕ್ಕಿನಲ್ಲಿ ಸಿಗುತ್ತಾ?" ಸಿಗುತ್ತದೆ ಅಂದು ಬೆಲೆ ಹೇಳಿದರು, ನಾನು ಸ್ಟೂಲಿನ ಅಂಚು ಹಿಡಿದುಕೊಂಡೆ. "ಎರಡನೇ ಎಂ.2 ಹಾಕಿದರೆ ಗ್ರಾಫಿಕ್ಸ್ ಕಾರ್ಡಿನ 16 ಲೇನು 8 ಆಗಲ್ಲ ತಾನೆ?" ಅಂಗಡಿಯವರು ತಡವರಿಸಿದರು. ಕೆಲವು ಬೋರ್ಡುಗಳಲ್ಲಿ ಹಾಗಾಗುತ್ತದೆ: ಕೆಳಗಿನ ಮನೆಯವರು ನಲ್ಲಿ ಬಿಟ್ಟರೆ ಮೇಲಿನ ಮನೆಗೆ ನೀರು ನಿಲ್ಲುವ ಹಾಗೆ. ಅದು ಡಬ್ಬಿಯ ಮೇಲೆ ಇರುವುದಿಲ್ಲ, ಮ್ಯಾನ್ಯುಯಲ್ಲಿನಲ್ಲಿ ಇರುವೆಗಿಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಈ ಪ್ರಶ್ನೆ ಕಲಿಸಿದವನು ಮಾಮ. ಉತ್ತರ ಕೊಟ್ಟವನೂ ಅವನೇ. "ಈ ಬೋರ್ಡಲ್ಲಿ ಆಗಲ್ಲ ಪುಟ್ಟಿ. ಅದರ ತಮ್ಮ ಇದೆಯಲ್ಲ, ಕಪ್ಪು ಡಬ್ಬಿ, ಅದರಲ್ಲಿ ಆಗುತ್ತೆ." ಕೌಂಟರಿನ ಹುಡುಗ ಮ್ಯಾನ್ಯುಯಲ್ ತೆರೆದು ನೋಡಿ ಸುಮ್ಮನೆ ಮುಚ್ಚಿದ.

ಬಿಲ್ಲಿಗೆ ಮೊದಲು ಸಾಕೆಟ್ಟಿನ ಮುಚ್ಚಳ ತೆಗೆಸಿದ್ದೂ ಅವನೇ. ಎಎಂ 4ರಲ್ಲಿ ಪಿನ್ನುಗಳು ಪ್ರೊಸೆಸರಿನ ಹೊಟ್ಟೆಯಲ್ಲಿದ್ದವು, ಎಎಂ 5ರಲ್ಲಿ ಅವು ಬೋರ್ಡಿನ ಮೇಲೆ, 1718 ಇವೆ. ಒಂದು ಬಾಗಿದ್ದರೂ ಮನೆಗೆ ಹೋದಮೇಲೆ ವಾರಂಟಿಯವರು ನಿಮ್ಮನ್ನೇ ನೋಡುತ್ತಾರೆ. ಮೊಬೈಲ್ ಟಾರ್ಚು ಹಿಡಿದು, ಉಸಿರು ಬಿಗಿಹಿಡಿದು, ಸಾಲು ಸಾಲಾಗಿ ನೋಡಿದ. ಅಷ್ಟು ಮಾಡಿಯೂ ಎಲ್ಲ ಸೇರಿ ಹನ್ನೊಂದು ನಿಮಿಷಕ್ಕೆ ಬಿಲ್ಲಾಯಿತು. ಮಾಮ ಗಡಿಯಾರ ನೋಡಿಕೊಂಡ. ಮೆಟ್ರೋದಲ್ಲಿ ಬರುವಾಗ ಯಾರನ್ನೂ ನೋಡದೆ, "ಇದರ ಮುಂದಿನದು ಬರುತ್ತೆ" ಎಂದು ಎರಡು ಸಲ ಹೇಳಿದ.

ಊಟದ ಮೇಜಿನ ಮೇಲೆ ಜೋಡಣೆ. ಮಾಮ ಉಂಗುರ, ಗಡಿಯಾರ ಬಿಚ್ಚಿಟ್ಟು, ಮೈಮೇಲಿನ ಕರೆಂಟು ಇಳಿಸಲು ಬಚ್ಚಲಿನ ನಲ್ಲಿ ಮುಟ್ಟಿ ಬಂದ. ಯಾರೂ ತಾಗಬಾರದು, ಮಡಿ. "ಮಾಮ, ನಮ್ಮದು ಪಿವಿಸಿ ಪೈಪು. ಅದು ಮುಟ್ಟಿ ಏನು ಪ್ರಯೋಜನ?" ಅಂದಳು ಮಗಳು. ಅವನು ಗಂಭೀರವಾಗಿ ಕ್ಯಾಬಿನೆಟ್ಟಿನ ತಗಡು ಮುಟ್ಟಿ ಪ್ರಾಯಶ್ಚಿತ್ತ ಮಾಡಿಕೊಂಡ. ಆಮೇಲೆ ಅವನ ಕೈ ನೋಡಬೇಕಿತ್ತು. ಹಿತ್ತಾಳೆಯ ಗುಬಟು ಕಾಲುಗಳನ್ನು ಎಣಿಸಿ ಕೂರಿಸಿದ್ದು, ಹೆಚ್ಚಿನದೊಂದನ್ನು ತೆಗೆದಿಟ್ಟದ್ದು, ಬೋರ್ಡನ್ನು ಮಗುವಿನ ಕುತ್ತಿಗೆ ಆನಿಸಿ ಎತ್ತುವ ಹಾಗೆ ಎತ್ತಿದ್ದು. ಒಂಬತ್ತು ವರ್ಷ ಮನಸ್ಸಿನಲ್ಲೇ ಸಾವಿರ ಸಲ ಕಟ್ಟಿದ್ದ ಮನೆ ಅದು.

ಬಟನ್ ಒತ್ತಿದಳು. ಫ್ಯಾನು ತಿರುಗಿತು. ಪರದೆ ಕಪ್ಪು. ಒಂದು ನಿಮಿಷ, ಎರಡು ನಿಮಿಷ. ಮಗಳ ಮುಖ ಬಿಳುಪಾಯಿತು, ನಾನು ಬಿಲ್ಲು ಹುಡುಕತೊಡಗಿದೆ, ಹೆಂಡತಿ ದೇವರಮನೆ ಕಡೆ ತಿರುಗಿದಳು. ಮಗಳ ಕೈ ಸ್ವಿಚ್ಚಿಗೆ ಹೋಗುವಷ್ಟರಲ್ಲಿ ಮಾಮ ತಡೆದ. "ಆರಿಸಬೇಡ. ಮೊದಲ ಸಲ ಬೋರ್ಡು ಆ ರ್ಯಾಮಿನ ಗುಣ ತಿಳ್ಕೊಳ್ಳುತ್ತೆ. ಡಿಡಿಆರ್ 5ಕ್ಕೆ ಹೊತ್ತು ಹಿಡಿಯುತ್ತೆ. ಕೂತ್ಕೊಳ್ಳಿ ಎಲ್ಲರೂ." ಕೈಕಟ್ಟಿ ಕುರ್ಚಿಗೆ ಒರಗಿ ಕೂತ. ಕಾಯುವುದರಲ್ಲಿ ನಮ್ಮ ಮನೆತನದಲ್ಲಿ ಅವನ ಸಮ ಯಾರೂ ಇಲ್ಲವೆಂಬುದು ಆಗ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ನಾಲ್ಕನೇ ನಿಮಿಷಕ್ಕೆ ಪರದೆ ಬೆಳಗಿತು.

ಕಾಫಿ ಬಂತು. ಕುಡಿಯುತ್ತ ಮಾಮ ಗಾಜಿನ ಬಾಗಿಲಿನ ಒಳಗೆ ನೋಡುತ್ತಿದ್ದ. ದೀಪವನ್ನಲ್ಲ, ಕಾರ್ಡನ್ನಲ್ಲ. ರ್ಯಾಮಿನ ನಾಲ್ಕು ಸ್ಲಾಟಿನಲ್ಲಿ ಎರಡು ಖಾಲಿ ಇದ್ದವು. ತಾರಸಿಯ ಮೇಲೆ ಮಾವನವರು ಕಂಬಿ ನೋಡುತ್ತಿದ್ದ ಅದೇ ನೋಟ.

"ಇನ್ನೂ ಎರಡು ಇದೆ" ಅಂದ.

"ಮಾಮ, ನಾಲ್ಕೂ ತುಂಬಿಸಿದರೆ ಸ್ಪೀಡು ಬೀಳುತ್ತೆ" ಅಂದಳು ಮಗಳು. "ಎರಡಕ್ಕೆ 5600, ನಾಲ್ಕಕ್ಕೆ 3600 ಅಂತ ಎಎಂಡಿಯವರೇ ಬರೆದಿದ್ದಾರೆ. ನೀನೇ ತೋರಿಸಿದ್ದು."

"ತುಂಬಿಸು ಅಂತ ಯಾರು ಹೇಳಿದ್ರು?" ಅಂದ ಮಾಮ, ಕಣ್ಣು ತೆಗೆಯದೆ. "ಇರಲಿ ಅಂತ."