ಹಣೆಯಿಂದ ಮೂರು ಬೆರಳು ಮೇಲೆ

ಎದುರಿಗೆ ಸಿಕ್ಕವರ ಕಣ್ಣು ನೋಡಿ ಮಾತಾಡುವುದು ಲೋಕರೂಢಿ. ಆದರೆ ಕೆಲವರ ನೋಟ ನಮ್ಮ ಕಣ್ಣಿನ ಬಳಿ ನಿಲ್ಲುವುದೇ ಇಲ್ಲ. ಹುಬ್ಬು ದಾಟಿ, ಹಣೆ ಹತ್ತಿ, ಅಲ್ಲಿಂದ ಮೂರು ಬೆರಳು ಮೇಲೆ ಹೋಗಿ ಬೀಡುಬಿಡುತ್ತದೆ. 'ಚೆನ್ನಾಗಿದ್ದೀಯೇನೋ' ಅನ್ನುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಅದು ನಮ್ಮ ಕೂದಲನ್ನು ಉದ್ದೇಶಿಸಿ ಕೇಳಿದ ಕುಶಲ. ಆಮೇಲೆ ದನಿ ತಗ್ಗಿಸಿ, ಸುತ್ತಲಿನ ನಾಲ್ಕು ಜನಕ್ಕೆ ಮಾತ್ರ ಕೇಳುವಷ್ಟು ಗುಟ್ಟಾಗಿ, 'ಬಹಳ ಹೋಗ್ಬಿಟ್ಟಿದೆಯಲ್ಲೋ!'

ಇವರಲ್ಲಿ ಒಳಪಂಗಡಗಳುಂಟು. ಷಾಂಪೂ ಬಾಟಲಿಯ ಬೆನ್ನು ತಿರುಗಿಸಿ 'ಸಲ್ಫೇಟ್ ಇದೆ' ಎಂದು ನಿಟ್ಟುಸಿರು ಬಿಡುವ ಆಫೀಸಿನ ಹುಡುಗಿ. ಬೆಂಗಳೂರಿನಲ್ಲಿ ತಲೆ ಬೋಳಾದವರೆಲ್ಲರ ಪಾಪವನ್ನು ಬೋರ್‌ವೆಲ್ ನೀರಿನ ತಲೆಗೆ ಕಟ್ಟುವ ಅಪಾರ್ಟ್‌ಮೆಂಟ್ ಕಾರ್ಯದರ್ಶಿ. (ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲನ್ನು ಒರಟು ಮಾಡುತ್ತವೆ ನಿಜ. ಆದರೆ ಗಂಡಸಿನ ನೆತ್ತಿಯನ್ನು ಮಾತ್ರ ಆರಿಸಿ, ಹಿಂದಲೆಯನ್ನು ಬಿಟ್ಟುಬಿಡುವಷ್ಟು ವಿವೇಚನೆ ನೀರಿಗೆಲ್ಲಿಂದ ಬರಬೇಕು?) ಕತ್ತರಿ ಕೈಯಲ್ಲಿ ಹಿಡಿದು, ನಾವು ಓಡಲಾಗದ ಹೊತ್ತು ನೋಡಿ 'ಡ್ಯಾಂಡ್ರಫ್ ಜಾಸ್ತಿ ಇದೆ ಸಾರ್' ಎನ್ನುವ ಸಲೂನಿನವನು. ಇವರನ್ನೆಲ್ಲ ಸಹಿಸಬಹುದು. ಸಂಬಂಧಿಕರಲ್ಲ.

ನನ್ನ ಪಾಲಿಗೆ ಬಂದವರು ತಿಪಟೂರಿನ ಸೋದರಮಾವ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದೇ ಜೀವನ ಸವೆಸಿದವರು. ಎಪ್ಪತ್ತು ದಾಟಿದ್ದರೂ ಬಾಚಣಿಗೆ ಸಿಕ್ಕಿಕೊಳ್ಳುವಷ್ಟು ದಟ್ಟ ಕೂದಲು. ಪಿತ್ರಾರ್ಜಿತವಾಗಿ ಬಂದ ಈ ಆಸ್ತಿಯನ್ನು ಅವರು ಸ್ವಯಾರ್ಜಿತ ಎಂದೇ ನಂಬಿದ್ದಾರೆ. ಕಾರಣ, ಅವರ ಎಣ್ಣೆ. ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಕಬ್ಬಿಣದ ಬಾಣಲೆಯಲ್ಲಿ ಕೊಬ್ಬರಿ ಎಣ್ಣೆ ಸುರಿದು, ಗರುಗದ ಸೊಪ್ಪು, ಒಂದೆಲಗ, ದಾಸವಾಳ, ಕರಿಬೇವು, ಮೆಂತ್ಯ, ಒಣ ನೆಲ್ಲಿಕಾಯಿ ಹಾಕಿ, ನೊರೆ ಅಡಗುವ ತನಕ ಕಾಯಿಸುತ್ತಾರೆ. ಆ ದಿನ ಅತ್ತೆ ತವರಿಗೆ ಹೋಗುತ್ತಾರೆ.

ಕೊಬ್ಬರಿ ಎಣ್ಣೆಯ ಮೇಲೆ ನನಗೇನೂ ದ್ವೇಷವಿಲ್ಲ. ಅದರಲ್ಲಿರುವ ಲಾರಿಕ್ ಆಮ್ಲ ಕೂದಲ ಎಳೆಯೊಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಸೋರಿಹೋಗುವುದನ್ನು ತಡೆಯುತ್ತದೆ. ಖನಿಜ ಎಣ್ಣೆಗೂ ಸೂರ್ಯಕಾಂತಿ ಎಣ್ಣೆಗೂ ಈ ಗುಣವಿಲ್ಲ ಎಂದು 2003ರಲ್ಲಿ ಭಾರತದ ಸಂಶೋಧಕರೇ ತೋರಿಸಿದ್ದಾರೆ. ಮಾವ ಇದನ್ನು ಅದಕ್ಕೂ ಮುಂಚಿನಿಂದ ಹೇಳುತ್ತಿದ್ದರು. ತಕರಾರು ಇಷ್ಟೇ: ನೆತ್ತಿಯಿಂದ ಹೊರಗೆ ಕಾಣುವ ಎಳೆ ಬರೀ ಕೆರಾಟಿನ್, ಸತ್ತದ್ದು. ಜೀವ ಇರುವುದು ಚರ್ಮದೊಳಗಿನ ಬುಡದಲ್ಲಿ. ಎಣ್ಣೆ ಇರುವ ಕೂದಲನ್ನು ಕಾಯಬಲ್ಲದು, ಇಲ್ಲದ ಕೂದಲನ್ನು ಎಲ್ಲಿಂದ ತರಬೇಕು? ಈ ಪ್ರಶ್ನೆ ಕೇಳಿದಾಗೆಲ್ಲ ಅವರು ಉತ್ತರವಾಗಿ ತಮ್ಮ ತಲೆ ಬಗ್ಗಿಸುತ್ತಾರೆ. ಅದಕ್ಕಿಂತ ದೊಡ್ಡ ಪುರಾವೆ ಇನ್ನೇನು?

ಅರಸೀಕೆರೆಯಲ್ಲೊಂದು ಮದುವೆ. ಎರಡನೇ ಪಂಕ್ತಿ. ಕೋಸಂಬರಿ, ಪಲ್ಯ ಮುಗಿದು, ಅನ್ನಕ್ಕೆ ಗುಂಡಿ ಮಾಡಿ ತಿಳಿಸಾರಿಗೆ ಕಾಯುತ್ತಿದ್ದೆ. ಹಿಂದಿನಿಂದ ಎರಡು ಕೈ ಬಂದು ನನ್ನ ತಲೆ ಹಿಡಿದು ಟ್ಯೂಬ್‌ಲೈಟಿನ ಕಡೆ ವಾಲಿಸಿದವು. ಬೆರಳು ನೋಡಬೇಕಾಗಿರಲಿಲ್ಲ, ಗರುಗದ ವಾಸನೆಯೇ ಸಾಕಾಗಿತ್ತು. 'ನೋಡ್ರೀ ಇಲ್ಲಿ, ನೆತ್ತಿ ಕಾಣ್ತಾ ಇದೆ' ಎಂದರು ಮಾವ, ಎದುರು ಸಾಲಿಗೆ. ಎದುರು ಸಾಲು ಊಟ ನಿಲ್ಲಿಸಿ ನೋಡಿತು. ಸಾರು ಬಡಿಸುವವನು ಸೌಟು ಎತ್ತಿದವನು ಹಾಗೇ ನಿಂತ. ಹೆಣ್ಣಿನ ಕಡೆಯ ಹಿರಿಯರೊಬ್ಬರು ವಯಸ್ಸು ಕೇಳಿದರು. ಮಾವ ಎರಡು ವರ್ಷ ಕಡಿಮೆಯೇ ಹೇಳಿದರು, ಅದು ನನ್ನ ಮೇಲಿನ ದಯೆಯಿಂದಲ್ಲ, ರೋಗದ ತೀವ್ರತೆ ಮನದಟ್ಟಾಗಲಿ ಎಂದು. ಪಕ್ಕದೆಲೆಯ ಯುವಕ ತನ್ನ ತಲೆಯನ್ನೂ ಸುಮ್ಮನೆ ಮುಂದೆ ಚಾಚಿದ. ಅವನಿಗೊಂದು ಪುಟ್ಟ ಸಮಾಲೋಚನೆ ಆಯಿತು. ಅಷ್ಟರಲ್ಲಿ ಮಾವನ ಜುಬ್ಬಾ ಜೇಬಿನಿಂದ ಹಳೇ ಕೆಮ್ಮಿನ ಔಷಧಿಯ ಬಾಟಲಿ ಹೊರಬಂತು. ನಾನು 'ಊಟ' ಎಂದೆ. 'ನೀನು ಮಾಡು, ನಾನೇನು ನಿನ್ನ ಕೈ ಹಿಡ್ಕೊಂಡಿದ್ದೀನಾ' ಎಂದು ನೆತ್ತಿಗೆ ಎಣ್ಣೆ ಹೊಯ್ದು ತಟ್ಟತೊಡಗಿದರು. ಎಣ್ಣೆ ಕಿವಿಯ ಹಿಂದಿನಿಂದ ಇಳಿದು ಕಾಲರಿಗೆ ಬಂತು, ಸಾರು ಎಲೆಯ ಅಂಚು ದಾಟಿ ಪಂಚೆಗೆ ಬಂತು. ಊಟದ ಸಾಲು ಹಿಡಿಯಲು ಬಂದ ವಿಡಿಯೋದವನು ಬಹಳ ವಿನಯದಿಂದ, 'ಸಾರ್, ನಿಮ್ಮಿಂದ ಲೈಟ್ ಹೊಡೀತಿದೆ, ಸ್ವಲ್ಪ ಬಗ್ತೀರಾ' ಎಂದ. ಆ ಮದುವೆಯ ಸಿ.ಡಿ. ಈಗಲೂ ನೆಂಟರ ಮನೆಗಳಲ್ಲಿದೆ.

ಆಮೇಲೆ ಈರುಳ್ಳಿ ಯುಗ. ಬಾಗ್ದಾದಿನ ವೈದ್ಯರು 2002ರಲ್ಲಿ ಈರುಳ್ಳಿ ರಸ ಹಚ್ಚಿ ಕೂದಲು ಬಂದದ್ದನ್ನು ಪ್ರಕಟಿಸಿದ್ದು ನಿಜವೇ. ಆದರೆ ಅದು ನಾಣ್ಯದಂತೆ ದುಂಡಗೆ ಉದುರುವ ಬೇರೆಯೇ ಕಾಯಿಲೆಗೆ. ಅಲ್ಲಿ ದೇಹದ ರಕ್ಷಣಾ ಪಡೆ ದಾರಿ ತಪ್ಪಿ ಕೂದಲ ಬುಡದ ಮೇಲೇ ಬೀಳುತ್ತದೆ, ಎಷ್ಟೋ ಸಲ ತಾನಾಗಿಯೂ ವಾಸಿಯಾಗುತ್ತದೆ. ನನ್ನದು ಆ ಗೌರವದ ಕಾಯಿಲೆಯಲ್ಲ, ಸಾಧಾರಣ ಗಂಡು ಬೋಳು. ಹಾರ್ಮೋನಿನ ಪ್ರಭಾವಕ್ಕೆ ನೆತ್ತಿಯ ಬುಡಗಳು ವರ್ಷವರ್ಷಕ್ಕೂ ಕುಗ್ಗುತ್ತ ಹೋಗುವಂಥದ್ದು. ಹರೆಯಕ್ಕೆ ಮುಂಚೆಯೇ ವೃಷಣ ಕಳೆದುಕೊಂಡವರಿಗೆ ಬೋಳಾಗುವುದಿಲ್ಲ ಎಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲೇ ಬರೆದಿಟ್ಟ. ಮಾವನಿಗೆ ಇದನ್ನು ಹೇಳಲಿಲ್ಲ. ಅದನ್ನೂ ಒಂದು ಪರಿಹಾರವೆಂದು ತೆಗೆದುಕೊಂಡಾರು ಎಂಬ ಭಯ.

ಹೇಳಿದ್ದು ಇನ್ನೊಂದು. 'ನಮ್ಮ ವಂಶದಲ್ಲಿ ಬೋಳಿಲ್ಲ, ಇದು ನಿಮ್ಮಪ್ಪನ ಕಡೆಯದು' ಎಂದು ಅವರು ಹಬ್ಬಕ್ಕೊಮ್ಮೆ ತೀರ್ಪು ಕೊಡುತ್ತಿದ್ದರು. ಬೋಳಿಗೆ ಕಾರಣವಾಗುವ ಜೀನುಗಳು ಹಲವು, ಎರಡೂ ಕಡೆಯಿಂದ ಬರುತ್ತವೆ. ಅವುಗಳಲ್ಲಿ ಮುಖ್ಯವಾದ ಒಂದು ಕೂತಿರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಅದನ್ನು ಗಂಡುಮಕ್ಕಳಿಗೆ ಕೊಡುವವಳು ತಾಯಿ ಮಾತ್ರ. ಎಂದರೆ ವಿಚಾರಣೆ ತಿಪಟೂರಿನಲ್ಲೂ ನಡೆಯಬೇಕು. ನಾನು ಗೋಡೆಯ ಮೇಲಿದ್ದ ತಾಯಿಯ ತಂದೆಯ ಪಟ ನೋಡಿದೆ. ಪೇಟ. ಇನ್ನೊಂದು ಪಟ, ಅದರಲ್ಲೂ ಪೇಟ. ಮದುವೆಯದು, ಷಷ್ಟಿಪೂರ್ತಿಯದು, ಎಲ್ಲದರಲ್ಲೂ ಪೇಟ. 'ಅಜ್ಜನ ತಲೆ ನೋಡಿದವರು ಯಾರಾದರೂ ಇದ್ದಾರಾ ಮಾವ?' ಎಂದೆ. ಆ ವರ್ಷ ಗೌರಿ ಹಬ್ಬದ ತನಕ ನನ್ನೊಡನೆ ಮಾತಿಲ್ಲ.

ಹೀಗಿರುವಾಗ ಅವರಿಗೆ ಡೆಂಗಿ ಜ್ವರ ಬಂತು. ಆಸ್ಪತ್ರೆಯಿಂದ ನಗುತ್ತಲೇ ಬಂದರು. ಸುಮಾರು ಮೂರು ತಿಂಗಳಾದ ಮೇಲೆ ಬಚ್ಚಲ ತೂಬು ಕಟ್ಟಿಕೊಂಡಿತು. ದಿಂಬಿನ ಮೇಲೆ, ಟವೆಲಿನಲ್ಲಿ, ಮಜ್ಜಿಗೆಯಲ್ಲಿ, ಎಲ್ಲೆಲ್ಲೂ ಕೂದಲು. ಮಾವ ಮದುವೆಗಳಿಗೆ ಹೋಗುವುದನ್ನು ಬಿಟ್ಟರು. ನಾನು ನೋಡಲು ಹೋದಾಗ ಬೇಸಿಗೆಯ ಮಧ್ಯಾಹ್ನ ಮಂಕಿ ಕ್ಯಾಪ್ ಹಾಕಿ ಕೂತಿದ್ದರು. ಬಸ್ಸಿನಲ್ಲಿ ಹೋಗುತ್ತ ನಾನು ಒಂದೆರಡು ಒಳ್ಳೆಯ ಮಾತುಗಳನ್ನು ಹೊಂದಿಸಿಕೊಂಡಿದ್ದೆ, ಅರಸೀಕೆರೆಯ ಬಾಕಿ ಬಡ್ಡಿಸಮೇತ ತೀರುವಂಥವು. ಆ ಟೋಪಿ ಕಂಡು ಒಂದೂ ಬಾಯಿಗೆ ಬರಲಿಲ್ಲ.

ಚರ್ಮದ ಡಾಕ್ಟರು ಮೊದಲೇ ಹೇಳಿದ್ದರಂತೆ, ಏನೂ ಮಾಡಬೇಡಿ, ತಾನೇ ಬರುತ್ತದೆ ಎಂದು. ಒಬ್ಬರ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ಒಂದೊಂದೂ ಎರಡರಿಂದ ಆರು ವರ್ಷ ಬೆಳೆದು, ಮೂರು ತಿಂಗಳು ವಿಶ್ರಾಂತಿ ಪಡೆದು ಉದುರುತ್ತದೆ. ಸರದಿ ಬೇರೆ ಬೇರೆಯಾದ್ದರಿಂದ ದಿನಕ್ಕೆ ಐವತ್ತರಿಂದ ನೂರು ಹೋದರೂ ಗೊತ್ತಾಗದು. ದೊಡ್ಡ ಜ್ವರವೋ ಹೆರಿಗೆಯೋ ಆದಾಗ ಬಹಳಷ್ಟು ಎಳೆಗಳು ಒಟ್ಟಿಗೇ ವಿಶ್ರಾಂತಿಗೆ ಇಳಿಯುತ್ತವೆ, ಎರಡು ಮೂರು ತಿಂಗಳಾದ ಮೇಲೆ ಒಟ್ಟಿಗೇ ಉದುರುತ್ತವೆ. ಅಷ್ಟರಲ್ಲಿ ಜ್ವರ ಮರೆತೇ ಹೋಗಿರುತ್ತದೆ. ಜನ ಹಿಂದಿನ ವಾರ ಬದಲಿಸಿದ ಸೋಪನ್ನು ಬೈಯುತ್ತಾರೆ. ತಿರುಗಿ ಬರುವುದೂ ಅಷ್ಟೇ ನಿಧಾನ, ತಿಂಗಳಿಗೆ ಒಂದು ಸೆಂಟಿಮೀಟರು. ಕಾರಣಕ್ಕೂ ಫಲಕ್ಕೂ ನಡುವೆ ಇಷ್ಟು ದೊಡ್ಡ ಖಾಲಿ ಜಾಗ ಬಿಟ್ಟದ್ದೇ ಪ್ರಕೃತಿ ಮಾಡಿದ ಎಡವಟ್ಟು. ನಾಡಿನ ಎಲ್ಲ ಎಣ್ಣೆಗಳು, ಲೇಪಗಳು, ಮಾವಂದಿರು ಸಂಸಾರ ಹೂಡಿರುವುದು ಆ ಜಾಗದಲ್ಲೇ.

ಟೋಪಿಯೊಳಗೆ ಕೂತೇ ಮಾವ ಬೇರೆಯವರ ತಲೆಗಳ ವಿಷಯ ಮಾತಾಡಿದರು. ಯಾವ ಸೊಸೆಗೆ ಬಾಣಂತನದಲ್ಲಿ ಎಷ್ಟು ಹೋಯಿತು, ಯಾರಿಗೆ ಟೈಫಾಯಿಡ್ ಆದ ಮೇಲೆ ಗುಂಗುರಾಗಿ ಬಂತು, ಎಲ್ಲ ಮಂಡಿಯ ಲೆಕ್ಕದಷ್ಟೇ ಸ್ವಚ್ಛವಾಗಿ ನೆನಪಿತ್ತು. ದಾವಣಗೆರೆಯ ಹಾಸ್ಟೆಲಿನಲ್ಲಿದ್ದ ಮೊಮ್ಮಗ ರಜೆಗೆ ಬಂದಾಗ ಅವನ ಕೂದಲು ಮುಟ್ಟಿ ನೋಡಿ, ಎಣ್ಣೆ ಕೊಡದೆ, 'ಮೆಸ್ಸಿನಲ್ಲಿ ಊಟ ಮಾಡ್ತಿಲ್ವೇನೋ' ಎಂದು ಕೇಳಿದವರು ಇವರೊಬ್ಬರೇ. ಹುಡುಗ ಮೆಸ್ ಬಿಲ್ಲಿನ ದುಡ್ಡು ಉಳಿಸಿ ಫೋನ್ ಕೊಂಡಿದ್ದ. ಹೊಟ್ಟೆಗೆ ಬೀಳದಿದ್ದರೆ ದೇಹ ಮೊದಲು ಕೈಬಿಡುವ ಖರ್ಚುಗಳಲ್ಲಿ ಕೂದಲೂ ಒಂದು. ಅವನ ಅಪ್ಪ ಅಮ್ಮ ಇಬ್ಬರೂ ಡಿಗ್ರಿಯವರು, ಮಗನನ್ನು ಎದುರಿಗೇ ಕೂರಿಸಿಕೊಂಡು ಅಂಕಪಟ್ಟಿ ನೋಡುತ್ತಿದ್ದರು. ನನ್ನ ತಲೆಯನ್ನು ಈಗ ಮುಟ್ಟುವವನು ಸಲೂನಿನವನೊಬ್ಬ, ಅದಕ್ಕೆ ನಾನು ಇನ್ನೂರು ರೂಪಾಯಿ ಕೊಡುತ್ತೇನೆ ಎಂಬುದೂ ಆಗ ಹೊಳೆಯಿತು. ಹೊಳೆದದ್ದನ್ನು ಮಾವನಿಗೆ ಹೇಳಲಿಲ್ಲ. ಬಾಟಲಿ ಹೊರಗೆ ಬರುತ್ತಿತ್ತು.

ಆರೇಳು ತಿಂಗಳಲ್ಲಿ ಕೂದಲೆಲ್ಲ ಹಿಂದಿರುಗಿತು. ಡಾಕ್ಟರು ಹೇಳಿದ ಪ್ರಕಾರವೇ. ಆದರೆ ಮಾವ ಆ ತಿಂಗಳುಗಳಲ್ಲಿ ಎಣ್ಣೆ ನಿಲ್ಲಿಸಿರಲಿಲ್ಲವಲ್ಲ. ಈಗ ಎಣ್ಣೆಗೆ 'ಡೆಂಗಿಯನ್ನೇ ಸೋಲಿಸಿದ್ದು' ಎಂಬ ಹೊಸ ಬಿರುದು ಸೇರಿದೆ. ಒಂದು ಬಾಟಲಿ ಡಾಕ್ಟರಿಗೂ ತಲುಪಿದೆ. ಅವರದೂ ಸ್ವಲ್ಪ ತೆಳುವಂತೆ.

ಕಳೆದ ಸಲ ಭೇಟಿಯಾದಾಗ ನನ್ನ ತಲೆಯ ಸುದ್ದಿ ಎತ್ತಲೇ ಇಲ್ಲ. ಆಸೆ ಬಿಟ್ಟರೆಂದು ಒಂದು ಕ್ಷಣ ಅವಮಾನವೇ ಆಯಿತು. ಆದರೆ ನೋಟ ಕೆಳಗಿಳಿದಿತ್ತು. ಕುತ್ತಿಗೆ ಹಿಂಭಾಗ ತೋರಿಸಿ, 'ಇದೇನೋ ಮಖಮಲ್ಲಿನ ಹಾಗೆ ಕಪ್ಪಾಗಿದೆ? ಕಡಲೆಹಿಟ್ಟು, ಮೊಸರು, ಚಿಟಿಕೆ ಅರಿಶಿನ ಹಚ್ಚಿ ತಿಕ್ಕು' ಎಂದರು. ಕುತ್ತಿಗೆಯ ಚರ್ಮ ಹಾಗೆ ದಪ್ಪಗಾಗಿ ಕಪ್ಪಾಗುವುದು ಎಷ್ಟೋ ಸಲ ಇನ್ಸುಲಿನ್ ಮಾತು ದೇಹ ಕೇಳುತ್ತಿಲ್ಲ ಎಂಬುದರ ಗುರುತು, ತಿಕ್ಕಿದರೆ ಹೋಗುವ ಕೊಳೆಯಲ್ಲ. ಮರುದಿನ ಬರಿಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟೆ. ರಿಪೋರ್ಟಿನಲ್ಲಿ ಸಕ್ಕರೆ ಗೆರೆ ದಾಟಿದೆ. ಮಾವನಿಗೆ ಇನ್ನೂ ತಿಳಿಸಿಲ್ಲ. ತಿಳಿಸಿದರೆ ಹಾಗಲಕಾಯಿ ಶುರುವಾಗುತ್ತದೆ.